ನೂರ ಹನ್ನೊಂದರಿಂದ

ಶಿಡ್ಲಘಟ್ಟ, ಗೂಡು ಮಾರುಕಟ್ಟೆಯ ಹಿಂದಿನ ಬೀದಿ.
ಬಾಗಿಲ ಚೌಕಟ್ಟಿಗೆ ಸ್ಟಿಕ್ಕರ್ ಅಂಟಿಸುತ್ತ ಹೊರಟೆ,
ನೂರ ಹನ್ನೊಂದರಿಂದ.
ನೆಟ್‌ವರ್ಕ್ ಇಲ್ಲ.
ಫೋನನ್ನು ತಲೆಯ ಮೇಲೆತ್ತಿ ಹರಕೆ ಹೊತ್ತವಳ ಹಾಗೆ
ಮೋರಿ ಕಲ್ಲಿನ ಮೇಲೆ ನಿಂತೆ.
ಯಾರದೋ ಮಗು ನಕ್ಕಿತು.

ಹತ್ತು ವರ್ಷದ ಕೆಳಗೆ ಇದೇ ಬೀದಿಗೆ
ಕಾಗದದ ಫಾರಂ ಹಿಡಿದು ಬಂದಿದ್ದೆ.
ಆಗ ಇಪ್ಪತ್ತೇಳು ಚರಕ.
ಬೆಂದ ಹುಳುವಿನ ವಾಸನೆ ಸೀರೆಗೆ ಹತ್ತಿ
ಮೂರು ಒಗೆತಕ್ಕೂ ಬಿಟ್ಟಿರಲಿಲ್ಲ.
ಈಗ ಮೂರೇ ಮನೆಯ ಮೇಲೆ ಹೊಗೆ.
ಮೂಗು ಹಳೆಯದನ್ನು ಹುಡುಕುತ್ತದೆ, ಸುಳ್ಳೇಕೆ ಹೇಳಲಿ.

“ವರ್ಷದ ಆದಾಯ ಎಷ್ಟಮ್ಮ?”
ಮೆಹಬೂಬುನ್ನಿಸಾ ಬಾಣಲೆಯಿಂದ ಕೈ ತೆಗೆಯಲಿಲ್ಲ.
“ಇವತ್ತಿನ ರೇಟಿಗಾ, ಹೋದ ಸೋಮವಾರದ ರೇಟಿಗಾ?
ಗೂಡು ಏರಿದ್ರೆ ನಾನು ಬಡವಿ,
ನೂಲು ಏರಿದ್ರೆ ಸಾವ್ಕಾರಳು.
ಎರಡೂ ಒಂದೇ ವಾರದಾಗೆ ಆಗ್ತೀನಿ, ಬರ್ಕೊಳ್ಳಿ.”
ವಾರದ ಕಾಲಂ ಇಲ್ಲ.
ಬೆರಳು ತೋರಿಸಿದಳು, ಬೆಳ್ಳಗೆ, ನುಣ್ಣಗೆ,
ಬಿಸಿನೀರು ಗೆರೆಗಳನ್ನೆಲ್ಲ ತೊಳೆದುಬಿಟ್ಟಿದೆ.
ರೇಷನ್ ಅಂಗಡಿಯ ಯಂತ್ರ ಅವಳನ್ನು
ಅವಳೆಂದು ಒಪ್ಪುವುದಿಲ್ಲವಂತೆ.

ಮಾತೃಭಾಷೆ ಉರ್ದು. ಪಕ್ಕದ ಗೋಡೆ ದಾಟಿದರೆ ತೆಲುಗು.
ಗಂಗುಲಪ್ಪ ಹೆಂಡತಿಯನ್ನು ಬೈಯುವುದು ತೆಲುಗಿನಲ್ಲಿ,
ಚೀಟಿ ದುಡ್ಡು ಎಣಿಸುವುದು ಕನ್ನಡದಲ್ಲಿ,
ಗೂಡಿನ ಹರಾಜಿನಲ್ಲಿ ನಲವತ್ತು ವರ್ಷ ಕೂಗಿದ್ದು ಉರ್ದು.
“ಸಾಯೋವಾಗ ಬಾಯಿಗೆ ಯಾವ್ದು ಬತ್ತದೋ ಅದನ್ನ ಹಾಕಮ್ಮ,
ನಿಂಗೆ ಅರ್ಜೆಂಟ್ ಇಲ್ಲಾಂದ್ರೆ.”
ಹೀಗೆ ಊರಿಗೇ ಕೇಳುವಂತೆ ನಗುತ್ತಿದ್ದವನು
ಮುಂದಿನ ಪ್ರಶ್ನೆಗೆ
ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ,
ಕದ ಅರ್ಧ ಮುಚ್ಚಿ
ಜಾತಿಯ ಹೆಸರು ಹೇಳಿದ,
ಬೀದಿಗೆಲ್ಲ ಗೊತ್ತಿದ್ದ ಹೆಸರನ್ನು.

ಸಮೀವುಲ್ಲಾ ಸಾಹೇಬರು ಚರಕ ಕಿತ್ತ ಜಾಗದಲ್ಲಿ
ಆರು ಬಾಡಿಗೆ ಕೋಣೆ ಎಬ್ಬಿಸಿದ್ದಾರೆ, ಮೇಲೆ ಶೀಟು.
“ಹುಳು ಬೇಯ್ಸೋದಕ್ಕಿಂತ ಬಾಡಿಗೆ ವಾಸಿ, ಮೇಡಂ.”
ತಮ್ಮ ಮಗ ಹೊಸ ಮಷಿನ್ ಘಟಕದಲ್ಲಿ
ಕೂಲಿಗೆ ಹೋಗುವುದನ್ನು ಹೇಳಲಿಲ್ಲ.
ಅದನ್ನು ಹೇಳಿದ್ದು ಮೂರನೆಯ ಕೋಣೆಯ ಹುಡುಗರು,
ಇವರ ಜೊತೆಗೇ ಅವನ ನೈಟ್ ಶಿಫ್ಟು.

ಒಂದು ಕೋಣೆ. ಹಗಲು ಐದು ಜನರ ನಿದ್ದೆ, ರಾತ್ರಿ ಐದು ಜನರದು.
ಮಧುಬನಿಯವರು, ಸುಪೌಲಿನವರು.
“ಮನೆಯ ಯಜಮಾನ ಯಾರು?”
ಒಬ್ಬರನ್ನೊಬ್ಬರು ನೋಡಿ ನಕ್ಕು
ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡವನನ್ನು ಮುಂದೆ ತಳ್ಳಿದರು.
ಲಾಲಬಾಬು. ಇವತ್ತಿನ ರೊಟ್ಟಿ ಅವನದು.

ಹೊರಗಿನವರನ್ನು ಬರೆದುಕೊಳ್ಳಬೇಡಿ ಎಂದಿದ್ದಾರೆ ತರಬೇತಿಯಲ್ಲಿ.
ಬರೆಯುವುದಿಲ್ಲ ಎಂದು ಹೇಳಲಾರದೆ ಕೇಳಿದೆ.
ಹದಿನಾಲ್ಕು ಸಾವಿರದ ಇನ್ನೂರು, ಓಟಿ ಬೇರೆ;
ಊರಿಗೆ ಒಂಬತ್ತು, ಬಾಡಿಗೆಗೆ ಏಳುನೂರು,
ಫೋನಿಗೆ ಇನ್ನೂರ ಮೂವತ್ತೊಂಬತ್ತು.
ಇಡೀ ಬೀದಿಯಲ್ಲಿ ಆದಾಯವನ್ನು
ಚಿಲ್ಲರೆ ಸಮೇತ ಒಪ್ಪಿಸಿದವನು ಅವನೊಬ್ಬನೇ.
ಹಿಟ್ಟಿನ ಕೈಯಲ್ಲೇ ಸ್ಟೂಲು ಒರೆಸಿ ಕೊಟ್ಟ.
ಕೂತೆ. ಪರದೆಯ ಮೇಲೆ
‘ಬಾಗಿಲು ಹಾಕಿದೆ’ ಒತ್ತಿದೆ.

ಭಾನುವಾರ ನಮ್ಮ ಮನೆಗೂ ಬಂದರು ಎಣಿಸಲು.
ಬಂದದ್ದು ನಮ್ಮ ಶಾಲೆಯ ವಿಮಲಾಕ್ಷಿಯೇ,
ಹದಿಮೂರು ವರ್ಷ ಒಂದೇ ಸ್ಟಾಫ್ ರೂಮು,
ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ಉಂಡವರು.
ಸಂಬಳ ಕೇಳಲೇ ಇಲ್ಲ, ತಾನೇ ತುಂಬಿದಳು.
ಭಾಷೆಗೆ ಕನ್ನಡ ಎಂದೆ; ಒಳಗೆ ಅಮ್ಮ
ತೆಲುಗಿನಲ್ಲಿ ಹಾಲು ಉಕ್ಕಿತೆಂದು ಕೂಗುತ್ತಿದ್ದಳು.
ಆಮೇಲೆ ವಿಮಲಾಕ್ಷಿ ತಲೆ ತಗ್ಗಿಸಿ
ಫೋನನ್ನೇ ನೋಡುತ್ತ ಆ ಇನ್ನೊಂದನ್ನು ಕೇಳಿದಳು.

ಎದುರು ಮನೆಯ ಮಹಡಿಯಲ್ಲಿ ಯಾರೋ ಬಟ್ಟೆ ಹರವುತ್ತಿದ್ದರು.
ನನ್ನ ಕೈ ಕದದ ಮೇಲಿತ್ತು.