ಮೂರನೆಯ ಚೌಕಕ್ಕೆ ಮುನ್ನ

ಮುಸಫ್ಫಾದಲ್ಲಿ, ಟೈರಿನಂಗಡಿಯ ಮೇಲಿನ ಕೋಣೆಯಲ್ಲಿ
ನನ್ನ ಮೇಜು.
ಬೀಳುವವರನ್ನು ಬರೆಯುವುದು ನನ್ನ ಕೆಲಸ.

ಅಟ್ಟಣಿಗೆಯಿಂದ ಬೀಳುವವ, ಗುಂಡಿಗೆ ಬೀಳುವವ,
ಕ್ರೇನಿನ ಕೊಕ್ಕೆ ತಗಲಿ ಬೀಳುವವ.
ಆರು ಭಾಷೆಯವರು ದುಡಿಯುವ ಕಡೆ ಅಕ್ಷರ ನಡೆಯುವುದಿಲ್ಲ,
ಹಾಗಾಗಿ ನಾಲ್ಕು ಚೌಕ, ಒಬ್ಬ ಮನುಷ್ಯ.
ಒಂದರಲ್ಲಿ ಬೆಲ್ಟು ಹಾಕಿಲ್ಲ. ಎರಡರಲ್ಲಿ ಕಾಲು ಜಾರಿದೆ.
ಮೂರರಲ್ಲಿ ನೆಲ.
ನಾಲ್ಕರಲ್ಲಿ ಬೆಲ್ಟು ಬಿಗಿದ ಇನ್ನೊಬ್ಬ, ಹೆಬ್ಬೆರಳೆತ್ತಿ.

"ಮುಖ ಬೇಡ ಫ್ಲೋಸಿ," ಅನ್ನುತ್ತಾರೆ ವಾಇಲ್ ಸಾಹೇಬರು,
"ಮುಖ ಇಟ್ಟರೆ ಇವನು ಯಾವ ದೇಶದವನು ಅಂತ ಜಗಳ."
ಅದಕ್ಕೇ ತಲೆಯೆಂದರೆ ಒಂದು ಹೆಲ್ಮೆಟ್ಟು,
ಕೆಳಗೊಂದು ಮೊಟ್ಟೆ.

ರಜೆಯಲ್ಲಿ ಊರಿಗೆ ಹೋದಾಗ ಶಿರ್ವದ ಶಾಲೆಗೆ ಕರೆದಿದ್ದರು.
ಒಬ್ಬ ಹುಡುಗ ಎದ್ದು, ಟೀಚರು ಬರೆದುಕೊಟ್ಟ ಚೀಟಿ ನೋಡಿ ಕೇಳಿದ:
ಸೃಜನಶೀಲತೆ ಎಲ್ಲಿಂದ ಬರುತ್ತದೆ?
ಎಂಥ ಇಸ್ತ್ರಿ ಹಾಕಿದ ಶಬ್ದ!
ನನಗೆ ಗೊತ್ತಿದ್ದಷ್ಟು ಹೇಳಿದೆ:
ಎಚ್‌ಬಿ ಪೆನ್ಸಿಲು ಬೇಡ, ಟೂಬಿ ತಗೊಳ್ಳಿ.
ಕೈ ಬರೆಯಲು ಬರುವುದಿಲ್ಲ ಅಂತ
ಅದನ್ನು ಜೇಬಿನೊಳಗೆ ಅಡಗಿಸಬೇಡಿ.
ನಾನು ಎಷ್ಟೋ ಸಲ ಅಡಗಿಸಿದ್ದೇನೆ.

ಹೇಳದೆ ಬಂದದ್ದು ಇದು:
ಆಗಸ್ಟಿನ ಹಸಿಗಾಳಿಗೆ ಇಲ್ಲಿ
ಕಾಗದ ಡಬ್ಬಿಯ ಹೊರಗಿಟ್ಟ ಹಪ್ಪಳ.
ಎಳೆದ ಗೆರೆ ಬದಿಗೆಲ್ಲ ಬೇರು ಬಿಡುತ್ತದೆ.
ಒಮ್ಮೆ ಹಾಗೆ ಹರಡಿದ್ದನ್ನು ತಿದ್ದುತ್ತಾ ತಿದ್ದುತ್ತಾ
ಬೇಡದ ಗೆರೆಯೊಂದು ಮೊಣಕಾಲಾಯಿತು,
ಹೆದರಿದ ಮೊಣಕಾಲು,
ಹತ್ತು ವರ್ಷ ನಾನು ಹುಡುಕಿದ್ದು.
ನಾನು ಬರೆದೆ ಎನ್ನಲೇ? ಬೆವರು ಬರೆಯಿತು.
ಮರುದಿನ ಬೇಕೆಂದೇ ಬರೆಯಲು ಕೂತೆ.
ಬರಲಿಲ್ಲ.

ಇನ್ನೊಂದು. ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವುದು:
ಬೀಳುವುದನ್ನು ಯಾರೂ ಬರೆಯುವುದಿಲ್ಲ.
ಎರಡನೆಯ ಚೌಕದಲ್ಲಿ ಅವನು ಇನ್ನೂ ಮೇಲಿದ್ದಾನೆ,
ಮೂರರಲ್ಲಿ ಆಗಲೇ ಕೆಳಗೆ.
ನಡುವೆ ಅರ್ಧ ಸೆಂಟಿಮೀಟರು ಬಿಳಿ.
ಅಲ್ಲಿ ನೋಡುವವನೇ ಬೀಳಬೇಕು.
ಆ ಬಿಳಿಯನ್ನು ಅಳೆದು ಬಿಡುವುದಕ್ಕೆ
ನನಗೆ ಸಂಬಳ.

ಮೊನ್ನೆ ಸೈಟಿನ ಗೇಟಿಗೆ ಹೋಗಿದ್ದೆ, ಹರಿದ ಪೋಸ್ಟರು ಬದಲಿಸಲು.
ಲಿಂಗಸುಗೂರಿನ ಖಾಸಿಂಪೀರ, ಅಟ್ಟಣಿಗೆ ಕಟ್ಟುವವ, ಏಣಿ ಹಿಡಿದ.
"ಇವಾ ನಮ್ಮಾವ ರೀ ಅಕ್ಕಾರ," ಎಂದ.
ಮೊಟ್ಟೆಗೆ ಮೀಸೆ ಬಂದಿತ್ತು. ಕಿವಿಗೊಂದು ಬೀಡಿ.
ಮೂಲೆಯಲ್ಲಿ ಬಂಗಾಲಿಯಲ್ಲಿ ಒಂದು ಹೆಸರು,
ಅದನ್ನು ಹೊಡೆದು ನೇಪಾಳಿಯಲ್ಲಿ ಇನ್ನೊಂದು,
ಅದನ್ನೂ ಹೊಡೆದು ಕನ್ನಡದಲ್ಲಿ, ಕಾಗುಣಿತ ತಪ್ಪಿ.
ಸಾಹೇಬರು ಹೇಳಿದ ಜಗಳ ಇದೇ ಇರಬೇಕು.

ಎರಡಕ್ಕೂ ಮೂರಕ್ಕೂ ನಡುವೆ, ನನ್ನ ಬಿಳಿಯಲ್ಲಿ,
ನೀಲಿ ಬಾಲ್‌ಪೆನ್ನಿನಲ್ಲಿ
ಒಂದು ಹಾಸಿಗೆ.
ಕ್ಯಾಂಪಿನ ಕಬ್ಬಿಣದ ಮಂಚದ್ದೇ, ಪಟ್ಟೆಪಟ್ಟೆಯದು,
ಅಷ್ಟೇ ಜಾಗಕ್ಕೆ ಹಿಡಿಸಲು
ಗೋಡೆಗೆ ಒರಗಿಸಿದ ಹಾಗೆ ನಿಲ್ಲಿಸಿ ಬರೆದದ್ದು.
ಅಳತೆ ತಪ್ಪು. ನೆರಳು ಬಿದ್ದ ಕಡೆ ತಪ್ಪು.
ನಿಂತ ಹಾಸಿಗೆಯ ಮೇಲೆ ಯಾರು ಬೀಳಬಲ್ಲರು?

"ಯಾರು ಬರೆದದ್ದು?"
ಖಾಸಿಂಪೀರ ಏಣಿಯ ಕಾಲು ನೋಡಿದ.
"ರಾತ್ರಿಪಾಳಿಯವ್ರು ಇರಬೇಕ್ರೀ."
ಅವನ ಜೇಬಿನಲ್ಲಿ ನೀಲಿ ಪೆನ್ನು.
ಅಲ್ಲಿ ಎಲ್ಲರ ಜೇಬಿನಲ್ಲೂ ನೀಲಿ ಪೆನ್ನೇ.

ಹೊಸದನ್ನು ಅಂಟಿಸಿ, ಹಳೆಯದನ್ನು ಸುರುಳಿ ಸುತ್ತಿ ತಂದೆ.
ಈಗ ಮೇಜಿನ ಮೇಲಿದೆ, ಎರಡು ತುದಿಗೂ ಇಂಕಿನ ಬಾಟಲಿ ಹೇರಿ.
ಕೆಳಗೆ ಯಾರದೋ ಲಾರಿಯ ಟೈರು ಬಿಚ್ಚುತ್ತಿದ್ದಾರೆ.
ಸಂಜೆಯಿಂದ ಆ ಹಾಸಿಗೆಯನ್ನು
ಇದ್ದ ಹಾಗೇ ಇನ್ನೊಂದು ಹಾಳೆಗೆ ಇಳಿಸಲು ನೋಡುತ್ತಿದ್ದೇನೆ.
ಕೈ ಪ್ರತಿ ಸಲವೂ
ನೆರಳನ್ನು ಸರಿಮಾಡಿಬಿಡುತ್ತದೆ.