ಏಳು ವರ್ಷದ ವಿಳಾಸ

ಹನ್ನೊಂದನೆಯ ದಿನ. ಡುಲೂತ್‌ನಲ್ಲಿ ಏಪ್ರಿಲ್,
ಸರೋವರದ ಮೇಲೆ ಇನ್ನೂ ಮಂಜಿನ ಹಲಗೆಗಳು.
ಕಾರ್ಲೀನ್ ಹೌಗೆನ್ ಫೋನನ್ನು ಮೇಜಿನ ಮೇಲೆ
ಬೋರಲು ಹಾಕುತ್ತಾಳೆ, ಅಂಗಾತ ಮಾಡುತ್ತಾಳೆ,
ಮತ್ತೆ ಬೋರಲು,
ಕಾವಲಿಯ ಮೇಲೆ ರೊಟ್ಟಿ ಮಗುಚಿದ ಹಾಗೆ.

ಕೆಲಸ ದೊಡ್ಡದೇನಲ್ಲ.
ಶಾಲೆಯ ಅಡುಗೆಮನೆ. ಬೆಳಗಿನ ಐದೂವರೆಗೆ
ನಾನೂರು ಮಕ್ಕಳ ಆಲೂಗಡ್ಡೆ.
ಸಂದರ್ಶನದಲ್ಲಿ ನಕ್ಕಿದ್ದರು, ಕೈ ಕುಲುಕಿದ್ದರು,
ಏಪ್ರನ್ನಿನ ಅಳತೆಯನ್ನೂ ಬರೆದುಕೊಂಡಿದ್ದರು.
"ಹಿನ್ನೆಲೆ ಪರಿಶೀಲನೆ ಒಂದು ಬಾಕಿ, ಎಲ್ಲರಿಗೂ ಮಾಡುತ್ತೇವೆ,
ಮೂರು ದಿನ, ಹೆಚ್ಚೆಂದರೆ ಐದು."

ಹಿನ್ನೆಲೆ. ಹಿಂದಿನ ನೆಲೆ.
ಫಾರಮ್ಮು ಕೇಳಿದ್ದೂ ಅದನ್ನೇ:
ಕಳೆದ ಏಳು ವರ್ಷದ ವಿಳಾಸಗಳು,
ನಡುವೆ ಒಂದು ತಿಂಗಳೂ ಬಿಡದಂತೆ.

ಇಪ್ಪತ್ತಮೂರು ವರ್ಷದ ಹಿಂದಿನ ಚೆಕ್ಕಿಗೆ ಅವಳು ಹೆದರಲಿಲ್ಲ.
ನಲವತ್ತು ಡಾಲರಿನ ಚೆಕ್ಕು, ಖಾತೆಯಲ್ಲಿದ್ದದ್ದು ಒಂಬತ್ತು.
ಡಯಪರು, ಹಾಲಿನ ಪುಡಿ, ಒಂದು ಪ್ಯಾಕು ಸಿಗರೇಟು.
ಸಿಗರೇಟನ್ನು ನ್ಯಾಯಾಧೀಶರಿಂದಲೂ ಮುಚ್ಚಿಟ್ಟಿರಲಿಲ್ಲ.
ದಂಡ ಕಟ್ಟಿದ ರಶೀದಿ ಇದೆ.
'ಹೌದು' ಎಂಬ ಚೌಕದಲ್ಲಿ
ಕಾಗದದ ಹಿಂಬದಿಗೂ ಮೂಡುವಷ್ಟು ಒತ್ತಿ ಗೀಟೆಳೆದಳು.

ಪೆನ್ನು ನಿಂತದ್ದು ಬೇರೆ ಕಡೆ.
ಐದು ವರ್ಷದ ಹಿಂದೆ, ನವೆಂಬರಿನಿಂದ ಮಾರ್ಚಿಗೆ,
ಅವಳೂ ಮಗಳು ಟೆಸ್ಸಳೂ ಇದ್ದದ್ದು ಹಳೆಯ ಬ್ಯೂಕ್ ಕಾರಿನಲ್ಲಿ,
ಲಾಂಡ್ರಿ ಅಂಗಡಿಯ ಹಿಂದೆ,
ಡ್ರೈಯರುಗಳ ಬಿಸಿಗಾಳಿ ಗೋಡೆಯ ಕೊಳವೆಯಿಂದ
ಹೊರಬೀಳುವ ಜಾಗದಲ್ಲಿ.
ಸಾಬೂನಿನ ವಾಸನೆಯ ಆ ಬೆಚ್ಚಗೆ ರಾತ್ರಿ ಹನ್ನೊಂದರವರೆಗೆ.
ಆಮೇಲೆ ಅಂಗಡಿ ಮುಚ್ಚುತ್ತಿತ್ತು.
ಟೆಸ್ಸ ಹಿಂದಿನ ಸೀಟಿನಲ್ಲಿ ತ್ರಿಕೋನಮಿತಿ ಮಾಡುತ್ತಿದ್ದಳು.
ಇಬ್ಬರ ಉಸಿರೂ ಗಾಜಿನ ಒಳಮೈಗೆ ಹೆಪ್ಪುಗಟ್ಟಿ,
ಬೆಳಗ್ಗೆ ಲೈಬ್ರರಿ ಕಾರ್ಡಿನಿಂದ ಕೆರೆಯಬೇಕಿತ್ತು.

ನೆಲೆಯಿಲ್ಲದ ಚಳಿಗಾಲಕ್ಕೆ ಹಿನ್ನೆಲೆ ಎಲ್ಲಿಂದ ತರುವುದು?
ನಾದಿನಿ ಮಾರ್ವಾಳ ಮನೆಯ ನಂಬರು ಬರೆದಳು.
ಆ ಮನೆಯಲ್ಲಿ ಎರಡು ಸಲ ಉಂಡದ್ದುಂಟು, ಒಮ್ಮೆ ಜಗಳ.
ಮಲಗಿದ್ದು ಒಂದು ರಾತ್ರಿಯೂ ಇಲ್ಲ.
ಇವಳು ಕೇಳಿರಲಿಲ್ಲ.
ಅವಳು ಕರೆದಿರಲೂ ಇಲ್ಲ.

ಈಗ ಯಾವ ಊರಿನ ಯಾವ ಗುಮಾಸ್ತನೋ
ಎಡಗೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು
ಬಲಗೈಯ ಒಂದೇ ಬೆರಳಿಂದ
ಅವಳ ಏಳು ವರ್ಷಗಳನ್ನು ಮೇಲಕ್ಕೆ ತಳ್ಳುತ್ತಿದ್ದಾನೆ.
ತುಸು ನಿಂತನೇ? ಅಥವಾ ಊಟಕ್ಕೆ ಎದ್ದುಹೋದನೇ?
ಅವಳ ಕಡತ ಮೇಜಿನಿಂದ ಜಾರಿ ಬಿದ್ದಿರಲೂಬಹುದು.
ಕೆಟ್ಟ ಸುದ್ದಿಯಾದರೆ ಇಷ್ಟು ಹೊತ್ತು ಬೇಕೆ,
ಒಳ್ಳೆಯದಾದರೂ ಇಷ್ಟು ಹೊತ್ತು ಬೇಕೆ.

ಕಾಲುವೆಯ ಬಾಯಲ್ಲಿ ಈ ವರ್ಷದ ಮೊದಲ ಹಡಗು,
ಅದಿರಿಗೆ ಬಂದದ್ದು, ಒಮ್ಮೆ ಉದ್ದಕ್ಕೆ ಕೂಗಿತು.
ಸೇತುವೆ ಕೂಡಲೆ ಅಷ್ಟೇ ಉದ್ದಕ್ಕೆ ಓಗೊಟ್ಟಿತು.
ಕಬ್ಬಿಣಕ್ಕೂ ಗೊತ್ತು, ಅಂದುಕೊಂಡಳು,
ಕರೆದವರಿಗೆ ಓ ಅನ್ನಬೇಕು ಅಂತ.

ಸಂಜೆ ಫೋನು ಗುಂಯ್‌ಗುಟ್ಟಿತು. ಮಾರ್ವಾ.
"ಯಾರೋ ಮಾಡಿದ್ದರು. ಆ ವರ್ಷ ನೀನು ಇಲ್ಲಿದ್ದೆಯಾ ಅಂತ."
ಕಾರ್ಲೀನ್ ಉಗುಳು ನುಂಗಿದಳು.
"ಇದ್ದಳು ಅಂದೆ.
ಯಾವ ಕೋಣೆ ಅಂತ ಕೇಳಲಿಲ್ಲ.
ಕೇಳಿದ್ದರೆ ಹೊಲಿಗೆ ಮಿಷಿನ್ ಕೋಣೆ ಅನ್ನುತ್ತಿದ್ದೆ."
ಆ ಕಡೆ ನಲ್ಲಿ ಬಿಟ್ಟ ಸದ್ದು, ನಿಲ್ಲಿಸಿದ ಸದ್ದು.
"ಆ ಚಳಿಗಾಲ ಅದು ಖಾಲಿ ಇತ್ತು, ಕಾರ್ಲೀನ್.
ಹೀಟರ್ ಹಾಕಿಯೇ ಇರುತ್ತಿತ್ತು, ಕೊಳಾಯಿ ಒಡೆಯಬಾರದು ಅಂತ.
ನಿಮ್ಮ ಬ್ಯೂಕ್ ನಾನು ನೋಡಿದ್ದೆ.
ಎರಡು ಸಲ."

ಏನು ಹೇಳುವುದು ಇದಕ್ಕೆ.
ಹನ್ನೊಂದು ದಿನ ಕಾದದ್ದು ಈ ಮಾತಿಗಲ್ಲ.
ಹೊರಗೆ ಸೇತುವೆ ಕೆಳಗಿಳಿಯುತ್ತಿತ್ತು,
ಕಾರುಗಳು ಒಂದೊಂದೇ ಕದಲುತ್ತಿದ್ದವು.
ಇಬ್ಬರೂ ಫೋನು ಹಿಡಿದು ಸುಮ್ಮನಿದ್ದರು.

"ಇಡು ಇನ್ನು," ಅಂದಳು ಮಾರ್ವಾ ಕೊನೆಗೆ,
"ಅವರು ಮಾಡಿದರೆ ನೀನು ಸಿಗಬೇಕಲ್ಲ."