ನಾಲ್ಕನೇ ಸೂಜಿ

ಹಳೇ ಪಿ.ಬಿ. ರಸ್ತೆಯಲ್ಲಿ, ಟೈರು ರೀಸೋಲಿಂಗಿನ ಪಕ್ಕ,
ಅರ್ಧ ಷಟರು ಎತ್ತಿದ ಅಂಗಡಿ ನಮ್ಮದು.
ಬೋರ್ಡಿನ ಮೇಲೆ ಗೌಸ್‌ಪೀರ್ ಉಸ್ತಾದರ ಹೆಸರು,
ಕೆಳಗೆ ಚಿಕ್ಕದಾಗಿ: ಇಂಜೆಕ್ಟರ್ ಕ್ಲೀನಿಂಗ್, ಟೆಸ್ಟಿಂಗ್.
ನನ್ನ ಹೆಸರಿಲ್ಲ. ಒಳ್ಳೆಯದೇ ಆಯಿತು.
ಇದ್ದರೆ ಜನ ಕೇಳುತ್ತಾರೆ, ನಾನು ಹೇಳಬೇಕಾಗುತ್ತದೆ,
ಅದು ಶುರುವಾಗುವುದೇ ಕ-ದಿಂದ.

ಇಪ್ಪತ್ತಾರು ವರ್ಷದಿಂದ ನನ್ನ ಗಂಟಲಲ್ಲಿ
ಒಂದು ಸ್ಪ್ರಿಂಗು ಕೂತಿದೆ.
ಕ ಬಂದರೆ ಬಿಗಿಯುತ್ತದೆ. ಪ ಬಂದರೂ.
ಬ್ಯಾಂಕಿನವರು, ಕಂಡಕ್ಟರು, ಹೆಣ್ಣು ತೋರಿಸಲು ಕರೆದವರು
ಎಲ್ಲರೂ ಒಳ್ಳೆಯವರೇ:
ಅರ್ಧಕ್ಕೆ ನಿಂತ ನನ್ನ ಮಾತನ್ನು
ತಾವೇ ಪೂರ್ತಿ ಮಾಡಿ ನನ್ನ ಕೈಗಿಡುತ್ತಾರೆ.
ಇದು ನನ್ನದಲ್ಲ ಅನ್ನುವಷ್ಟರಲ್ಲಿ
ಹೋಗಿಬಿಟ್ಟಿರುತ್ತಾರೆ.

ಉಸ್ತಾದರು ಮೊದಲ ದಿನ ಹೇಳಿದ್ದು:
"ನೋಡಲೇ ಕೊಟ್ರೇಶಿ, ಇದರೊಳಗ ತಾಮ್ರದ ಸುರುಳಿ ಐತಿ.
ಕರೆಂಟು ಬಂದ್ರ ಅದು ಅಯಸ್ಕಾಂತ.
ಸೂಜಿನ ಮೇಲಕ್ಕ ಎಳೀತೈತಿ, ಕೂದಲೆಳೆಯಷ್ಟು.
ಅಷ್ಟ್ರಾಗ ಪೆಟ್ರೋಲು ಮಂಜಾಗಿ ಹಾರ್ತು.
ಕರೆಂಟು ಹೋತು, ಸ್ಪ್ರಿಂಗು ದಬ್ತು, ಬಾಯಿ ಮುಚ್ತು.
ಸುಮ್ನ ನಿಂತ ಗಾಡಿಯಾಗೂ ನಿಮಿಷಕ್ಕ ನಾನೂರು ಸಲ."

ಆಮೇಲೆ ದನಿ ತಗ್ಗಿಸಿ, ಮನೆಯ ಗುಟ್ಟು ಹೇಳುವವರ ಹಾಗೆ:
"ಆದ್ರ ಹುಕುಂ ಬಂದ ಕೂಡ್ಲೆ ತೆರೆಯಂಗಿಲ್ಲ ಅದು.
ಸುರುಳಿ ತುಂಬಬೇಕು, ಸ್ಪ್ರಿಂಗು ಸೋಲಬೇಕು.
ಬ್ಯಾಟರಿ ಇಳಿದಿದ್ರ ಇನ್ನೂ ತಡ.
ಮೂಲ್ಯಾಗ ಕುಂತ ಕಂಪ್ಯೂಟರಿಗೆ ಅದು ಗೊತ್ತು.
ಬೈಯಂಗಿಲ್ಲ. ಅಷ್ಟು ಹೊತ್ತು ಸೇರಿಸೇ ಕೊಡ್ತೈತಿ."

ಸಂಕ್ರಾಂತಿ ಮುಗಿದ ವಾರ, ಬೆಳಗಿನ ಚಳಿಯಲ್ಲಿ
ಬಾಷಾನಗರದ ಚಮನ್‌ಬಿಯ ಮಂಡಕ್ಕಿ ವ್ಯಾನು ಬಂತು.
ಸೀಟು ಕಿತ್ತು ಚೀಲ ತುಂಬುವ ವ್ಯಾನು,
ಸಂದಿಸಂದಿಗೂ ಭಟ್ಟಿಯ ಬೂದಿ.
ಚಮನ್‌ಬಿ ಅಂದರೆ, ಕಾದ ಮರಳಿಗೆ ಬಿದ್ದ ಅಕ್ಕಿ
ಯಾವಾಗ ಅರಳುತ್ತದೆಂದು ವಾಸನೆಯಲ್ಲೇ ಹೇಳುವವಳು.
"ಮುಂಜಾನಿ ಎಬ್ಬಿಸಿದ್ರ ಏಳಂಗಿಲ್ಲ.
ಎದ್ರ ಮೂರು ಕಾಲಾಗ ಕುಂಟತೈತಿ.
ಹರಿಹರದಾಗ ನಾಕೂ ಇಂಜೆಕ್ಟರ್ ಬದಲಿಸ್ರಿ ಅಂದ್ರು."

ನಾಲ್ಕನ್ನೂ ಬಿಚ್ಚಿ ಬೆಂಚಿಗೆ ಹಾಕಿದೆ.
ನಾಲ್ಕು ಗಾಜಿನ ಕೊಳವೆ, ನಾಲ್ಕು ಬಿಳಿ ಛತ್ರಿ.
ಹನ್ನೆರಡು ವೋಲ್ಟಿಗೆ ಸಮ.
ಒಂಬತ್ತಕ್ಕೆ ಇಳಿಸಿದೆ, ನಾಲ್ಕೂ ಒಟ್ಟಿಗೇ ಇಳಿದವು,
ಒಂದೇ ಮನೆಯ ಮಕ್ಕಳ ಹಾಗೆ.
ಮತ್ತೆ ಕೂರಿಸಿ ಚಾಲೂ ಮಾಡಿದೆ. ಕುಂಟಿತು.

ಉಸ್ತಾದರ ಕಿವಿ ಈಗ ಸಣ್ಣ ಸದ್ದು ಹಿಡಿಯುವುದಿಲ್ಲ.
ಉದ್ದನೆ ಸ್ಕ್ರೂಡ್ರೈವರಿನ ತುದಿ ಇಂಜೆಕ್ಟರಿಗೆ,
ಹಿಡಿ ತಮ್ಮ ದವಡೆಗೆ. ಕಣ್ಣು ಮುಚ್ಚಿದರು.
ಟಿಕ್ಕು. ಟಿಕ್ಕು. ಟಿಕ್ಕು.
ನಾಲ್ಕನೆಯದಕ್ಕೆ ಅವರ ಹುಬ್ಬು
ಒಂಚೂರು ತಡವಾಗಿ ಎದ್ದಿತು.

ಮೀಟರು ಹಿಡಿದೆ. ಬ್ಯಾಟರಿಯಲ್ಲಿ ಹದಿಮೂರು ಮುಕ್ಕಾಲು.
ನಾಲ್ಕನೆಯದರ ಬಾಯಿಗೆ ಬರುವಾಗ ಹತ್ತೂ ಇಲ್ಲ.
ಬಿಚ್ಚಿದರೆ ಪಿನ್ನಿನ ಮೇಲೆ ಹಸಿರು ಕಿಲುಬು,
ಕಿಲುಬಿನ ಮೇಲೆ ಬೂದಿ.
ಕಂಪ್ಯೂಟರು ನೋಡುವುದು ಬ್ಯಾಟರಿಯನ್ನು.
ದಾರಿಯಲ್ಲಿ ಸೋರಿದ್ದು ಅದರ ಲೆಕ್ಕಕ್ಕೆ ಸಿಕ್ಕಿಲ್ಲ.
ಉಳಿದವರಿಗೆ ಕೊಟ್ಟಷ್ಟೇ ಹೊತ್ತು ಇದಕ್ಕೂ ಕೊಟ್ಟು
ತನ್ನ ನ್ಯಾಯ ಸರಿಯಾಗಿದೆ ಅಂದುಕೊಂಡಿದೆ.

"ಏನಾಗೈತಪ್ಪಾ?"
"ಕ..."
"ಕಾಯಿಲ್ಲಾ? ಕಂಪ್ಯೂಟರಾ? ಯಾ ಅಲ್ಲಾ, ಕೆಟ್ಟೇ ಹೋತಾ?"

ಉಸ್ತಾದರು ಗ್ರೀಸು ಮೆತ್ತಿದ ಕೈ ಅಡ್ಡ ಹಿಡಿದರು.
ರಸ್ತೆಯಲ್ಲಿ ಹುಬ್ಬಳ್ಳಿ ಬಸ್ಸು ಹೋಯಿತು, ಮೂತಿಯಿಂದ ಬಾಲದವರೆಗೆ.
ಹಾಲಿನ ಕ್ಯಾನಿನವನು ಹೋದ.
ರೀಸೋಲಿಂಗಿನ ಹುಡುಗ ಸೀನಿದ.

"...ಕನೆಕ್ಟರ್," ಅಂದೆ.
"ಸೂಜೀದು ತಪ್ಪಿಲ್ಲ."

ಪಿನ್ನು ಉಜ್ಜಿ, ಹೊಸ ರಬ್ಬರು ತೊಡಿಸಿ, ತಿರುಗಿಸಿದೆ.
ವ್ಯಾನು ನಾಲ್ಕು ಕಾಲೂರಿ ನಿಂತು ಗುರುಗುಟ್ಟಿತು.
ಉಸ್ತಾದರು ಎಂಬತ್ತು ರೂಪಾಯಿ ಅಂದರು.
ಚಮನ್‌ಬಿ ನೂರು ಕೊಟ್ಟು, ಚಿಲ್ಲರೆ ಬೇಡವೆಂದು,
ಇನ್ನೂ ಬಿಸಿಯಾರದ ಮಂಡಕ್ಕಿಯ ಚೀಲವೊಂದನ್ನು ಇಳಿಸಿಕೊಂಡು ಬಂದಳು.
"ತಗಾ. ನಿನ್ನ ಹೆಸರೇನು?"

ಬಾಯಿ ತೆರೆದೆ.

ಆಕೆ ಚೀಲ ಕೆಳಗಿಟ್ಟು
ಆಯಿಲ್ ಡಬ್ಬಿಯ ಮೇಲೆ ಕೂತಳು.